ಇಪ್ಪತ್ತು ಲಕ್ಷ ಡಾಲರಿಗೆ ಒಂದು ಇಣುಕು ನೋಟ

ಮನೆ ಮಾರಾಟದ ಜಾಹೀರಾತಿನಲ್ಲಿ 'ಪ್ರೀ-ವಾರ್' ಅಂತಿತ್ತು. ಊರಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ಕೇಳಿದರು, "ಯಾವ ಯುದ್ಧಕ್ಕೆ ಮುಂಚಿಂದೋ?" ಎರಡನೇ ಮಹಾಯುದ್ಧ ಅಂದೆ. "ಹಂಗಂದ್ರೆ ಹಳೇ ಮನೆ ಅನ್ನು" ಅಂದರು. ನ್ಯೂಯಾರ್ಕಿನ ಬ್ರೋಕರ್ ಆಯಮ್ಮ ಅದನ್ನೇ ಹೇಳಲು ಎರಡು ಪುಟ ತಗೊಂಡಿದ್ದರು.

ನಾವಿರುವುದು ನ್ಯೂಜೆರ್ಸಿಯ ನಾರ್ತ್ ಬರ್ಗನ್‌ನಲ್ಲಿ. ಹಡ್ಸನ್ ನದಿಯ ಈ ದಡ, ಬಾಡಿಗೆ ಮನೆ. ಆ ದಡದಲ್ಲಿ ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್. ಅಲ್ಲಿನ ರಿವರ್‌ಸೈಡ್ ಡ್ರೈವ್ ಹತ್ತಿರ ಭಾನುವಾರ ಮಧ್ಯಾಹ್ನ ಮಾರಾಟದ ಮನೆಗಳ ಬಾಗಿಲು ತೆರೆದಿಡುತ್ತಾರೆ. ಯಾರು ಬೇಕಾದರೂ ಹೋಗಿ ನೋಡಬಹುದು. ಚಿನ್ನದ ಅಂಗಡಿಗೆ ಹೋಗಿ ಸುಮ್ನೆ ಸರ ಹಾಕ್ಕೊಂಡು ನೋಡಿ ಬರೋ ಹಾಗೆ, ನಾನೂ ಹೆಂಡತಿಯೂ ಹೊರಟೆವು.

ಕಟ್ಟಡದ ಮುಂದೆ ಫುಟ್‌ಪಾತಿನ ಮೇಲೆ ಕಬ್ಬಿಣದ ಕಂಬ, ಮೇಲೆ ಹಲಗೆ. ಚಪ್ಪರ. ಯಾರದೋ ಮದುವೆ ಇರಬೇಕು ಅಂದುಕೊಳ್ಳಬೇಡಿ. 1979ರಲ್ಲಿ ಇಲ್ಲಿ ಹಳೇ ಕಟ್ಟಡವೊಂದರಿಂದ ಚೂರು ಕಳಚಿ ಬಿದ್ದು ಒಬ್ಬ ವಿದ್ಯಾರ್ಥಿನಿ ಸತ್ತಳು. ಆಮೇಲೆ ಕಾನೂನು ಬಂತು. ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಗೋಡೆ ಅಪಾಯ ಅಂತ ಕಂಡರೆ, ರಿಪೇರಿ ಆಗುವವರೆಗೆ ಕೆಳಗೆ ಓಡಾಡುವವರ ತಲೆ ಕಾಯಲು ಈ ಚಪ್ಪರ ಹಾಕಬೇಕು. ಒಳ್ಳೇ ಕಾನೂನೇ. ಆದರೆ ಗೋಡೆ ರಿಪೇರಿಗಿಂತ ಚಪ್ಪರದ ಬಾಡಿಗೆ ಅಗ್ಗ ಅಂತ ಎಷ್ಟೋ ಕಡೆ ಚಪ್ಪರವನ್ನೇ ಉಳಿಸಿಕೊಂಡರು. ಇದೇ ಊರಿನ ಹಾರ್ಲೆಮ್ ಬಡಾವಣೆಯಲ್ಲಿ ಒಂದು ಚಪ್ಪರ 21 ವರ್ಷ ನಿಂತು 2023ರಲ್ಲಿ ಇಳಿಯಿತು. ಅದರಡಿ ಮದುವೆ ಆಗಿದ್ದವರ ಮಗಳಿಗೆ ಗಂಡು ನೋಡಬಹುದಿತ್ತು.

ಬೆಲೆ 19,95,000 ಡಾಲರ್. ಬಾಟಾ ಅಂಗಡಿಯ ರೇಟು. ಇದಕ್ಕೂ ಕಾರಣವಿದೆ. 10 ಲಕ್ಷ ಡಾಲರ್ ಮುಟ್ಟಿದ ಮನೆಗೆ ಕೊಳ್ಳುವವರು 'ಮ್ಯಾನ್ಶನ್ ಟ್ಯಾಕ್ಸ್' ಕಟ್ಟಬೇಕು, ಬೆಲೆಯ ಶೇಕಡಾ 1. 20 ಲಕ್ಷ ಮುಟ್ಟಿದರೆ ಅದು 1.25. ಒಂದೇ ಬೆಡ್‌ರೂಮಿನ ಮನೆ ಇದ್ದರೂ ಬೆಲೆ ಅಷ್ಟಾದರೆ ಸರ್ಕಾರದ ಲೆಕ್ಕದಲ್ಲಿ ಅದು ಬಂಗಲೆ.

ಆಯ್ತು, ದುಡ್ಡು ಇದೆ ಅಂತಲೇ ಇಟ್ಟುಕೊಳ್ಳೋಣ. ಕೊಟ್ಟರೂ ಮನೆ ನಿಮ್ಮದಾಗುವುದಿಲ್ಲ. ಇಂಥ ಹಳೇ ಕಟ್ಟಡಗಳಲ್ಲಿ ಬಹಳಷ್ಟು 'ಕೋ-ಆಪ್'. ಕಟ್ಟಡ ಒಂದು ಕಂಪನಿಯದ್ದು, ನೀವು ಕೊಳ್ಳುವುದು ಆ ಕಂಪನಿಯ ಶೇರು. ಶೇರು ಇದ್ದವರಿಗೆ ಮನೆಯಲ್ಲಿ ಇರಲು ಲೀಸು ಬರೆದುಕೊಡುತ್ತಾರೆ. ಪ್ರತಿ ತಿಂಗಳು ಮೇಂಟೆನೆನ್ಸ್ ಬೇರೆ. ಇದಕ್ಕೆ 3,400 ಡಾಲರ್, ನಮ್ಮ ಬಾಡಿಗೆಗಿಂತ ಜಾಸ್ತಿ. ನಾವು ಬಾಡಿಗೆಯವರು ಅಂತ ಒಪ್ಪಿಕೊಂಡು ಬಾಡಿಗೆ ಕಟ್ಟುತ್ತೇವೆ. ಅವರು 20 ಲಕ್ಷ ಸುರಿದು, ಓನರ್ ಅನ್ನಿಸಿಕೊಂಡು, ಅದಕ್ಕಿಂತ ಜಾಸ್ತಿ ಕಟ್ಟುತ್ತಾರೆ.

ಅದೂ ಬೋರ್ಡಿನವರು ಒಪ್ಪಿದರೆ. ಬೋರ್ಡ್ ಅಂದರೆ ಅದೇ ಕಟ್ಟಡದ ನಾಲ್ಕಾರು ನೆರೆಹೊರೆಯವರು. ಅವರ ಮುಂದೆ ನಿಮ್ಮ ತೆರಿಗೆ ಪತ್ರ, ಬ್ಯಾಂಕ್ ಲೆಕ್ಕ, ಸ್ನೇಹಿತರು ನಿಮ್ಮನ್ನು ಹೊಗಳಿ ಬರೆದ ಕಾಗದ, ಎಲ್ಲ ಹರಡಬೇಕು. ನಿಮ್ಮ ಷಡ್ಡಕನಿಗೂ ಗೊತ್ತಿಲ್ಲದ ಸಾಲ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಸಂದರ್ಶನ. ಥೇಟ್ ಹೆಣ್ಣು ನೋಡೋ ಶಾಸ್ತ್ರ, ಉಪ್ಪಿಟ್ಟು ಒಂದು ಇರುವುದಿಲ್ಲ. "ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ನೀವೇನೂ ಕೇಳಬೇಡಿ" ಅಂತ ಬ್ರೋಕರ್ ಆಗಲೇ ಹೇಳಿಕೊಟ್ಟರು. ತಲೆ ತಗ್ಗಿಸಿ ಕೂತ್ಕೋ ಅಂತ ನಮ್ಮ ಅತ್ತೆಯಂದಿರು ಹೇಳುತ್ತಿದ್ದರಲ್ಲ, ಅದೇ. ಕೆಲವು ಕಟ್ಟಡಗಳಲ್ಲಿ ನಾಯಿಗೂ ಸಂದರ್ಶನ ಉಂಟು.

ಬೇಡ ಅನ್ನಿಸಿದರೆ ಬೇಡ ಅನ್ನುತ್ತಾರೆ. ಬಣ್ಣ, ಧರ್ಮ ನೋಡಿ ಬೇಡ ಅನ್ನುವುದು ಕಾನೂನಿಗೆ ವಿರುದ್ಧ. ಆದರೆ ಕಾರಣ ಹೇಳುವ ರೂಢಿಯೇ ಇವರಿಗಿಲ್ಲ. ಹೇಳದ ಕಾರಣವನ್ನು ಯಾವ ಕೋರ್ಟಿಗೆ ಎಳೆಯುವುದು? ಅಮೆರಿಕಾದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್‌ಗೇ 1979ರಲ್ಲಿ ಹೀಗೆ ಒಂದು ಕೋ-ಆಪ್ ಮನೆ ನೆರೆಯವರ ತಕರಾರಿನಿಂದ ಕೈತಪ್ಪಿತು. ದೇಶ ಆಳಿದವರಿಗೇ ಮೂರು ಬೆಡ್‌ರೂಮ್ ಇಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ "ವೆಜ್ಜಾ, ನಾನ್‌ವೆಜ್ಜಾ?" ಅಂತ ಕೇಳಿದ ಮಾಲೀಕರನ್ನು ನಾನು ಎಷ್ಟು ಬೈದುಕೊಂಡಿದ್ದೆ. ಪಾಪ, ಬಾಯಿಬಿಟ್ಟಾದರೂ ಕೇಳುತ್ತಿದ್ದರು.

ಮನೆ ಒಳಗೆ ಎಲ್ಲ ಹೊಸದು. ಆರು ಉರಿಯ ಇಟಲಿ ಒಲೆ, ಬಿಳಿ ಕಲ್ಲಿನ ಕಟ್ಟೆ. ಅಡುಗೆಮನೆ ಪಕ್ಕ ಒಂದು ಗೂಡು, ಮಂಚ ಹಾಕಿದರೆ ಬಾಗಿಲು ಹಾಕಲಾಗದು. "ಹೋಮ್ ಆಫೀಸ್" ಅಂದರು. 'ಕ್ಲಾಸಿಕ್ ಸಿಕ್ಸ್' ಅಂತ ಇಲ್ಲಿ ಹೆಮ್ಮೆಯಿಂದ ಹೇಳುವ ಆರು ಕೋಣೆಯ ಮನೆಗಳಲ್ಲಿ ಆರನೆಯದು ಇದೇ, ಮನೆಗೆಲಸದವಳು ಮಲಗಲು ಕಟ್ಟಿದ್ದು. ಈಗ ಅಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಮ್ಮಂಥವನು ಕೂರುತ್ತಾನೆ. ಕೋಣೆಯ ಉಪಯೋಗ ಜಾಸ್ತಿ ಏನೂ ಬದಲಾಗಿಲ್ಲ.

ಅಷ್ಟರಲ್ಲಿ ಗೋಡೆ ಮೂಲೆಯಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಸದ್ದು. ಸ್ಟೀಮ್ ಕೊಳವೆ. 1918ರ ಇನ್‌ಫ್ಲುಯೆಂಜಾ ಆದ ಮೇಲೆ ಕಿಟಕಿ ತೆರೆದಿಟ್ಟರೂ ಮನೆ ಬೆಚ್ಚಗಿರಲಿ ಅಂತ ಇಲ್ಲಿ ಭಾರಿ ಬಾಯ್ಲರ್ ಕೂರಿಸಿದರು. ಕಾಯಿಲೆ ಹೋಯಿತು, ಬಾಯ್ಲರ್ ಉಳಿಯಿತು. ಹೊರಗೆ ಹಿಮ, ಒಳಗೆ ರಾಯಚೂರು. ಜನವರಿಯಲ್ಲೂ ಕಿಟಕಿ ತೆರೆದೇ ಮಲಗಬೇಕು. ನವೀಕರಣವೆಲ್ಲ ಕಣ್ಣಿಗೆ ಕಾಣುವಲ್ಲಿ, ಯುದ್ಧಕ್ಕೆ ಮುಂಚಿನದ್ದೆಲ್ಲ ಗೋಡೆಯೊಳಗೆ.

"ನದಿ ಎಲ್ಲಿ?" ಅಂದೆ. ಜಾಹೀರಾತಿನಲ್ಲಿ 'ರಿವರ್ ವ್ಯೂಸ್' ಅಂತ ಬಹುವಚನ ಇತ್ತು. ಬ್ರೋಕರ್ ನಮ್ಮನ್ನು ಬೆಡ್‌ರೂಮಿನ ಕೊನೇ ಕಿಟಕಿಗೆ ಕರೆದೊಯ್ದರು. ಎಡಗೆನ್ನೆ ಗಾಜಿಗೆ ಒತ್ತಿದರೆ ಎರಡು ಕಟ್ಟಡಗಳ ಸಂದಿಯಲ್ಲಿ, ಬೆರಳಗಲ ನೀರು. "ಎಲೆ ಉದುರಿದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತೆ" ಅಂದರು.

ಆ ನೀರಿನ ಚರಿತ್ರೆ ಅವರು ಹೇಳಲಿಲ್ಲ. ಈ ಕಟ್ಟಡ ಎದ್ದಾಗ ದಡದಲ್ಲಿ ಗೂಡ್ಸ್ ರೈಲು ಹೊಗೆ ಬಿಡುತ್ತಾ ಓಡುತ್ತಿತ್ತು. 1930ರ ದಶಕದಲ್ಲಿ ಹಳಿಗಳನ್ನು ಮುಚ್ಚಿ ಮೇಲೆ ಪಾರ್ಕು ಬೆಳೆಸಿದರು. ಮ್ಯಾನ್‌ಹ್ಯಾಟನ್ನಿನ ಪಶ್ಚಿಮ ಭಾಗದ ಕೊಳಚೆಯಂತೂ 1986ರವರೆಗೆ ಹಾಗೇ ಹಡ್ಸನ್‌ಗೆ ಬೀಳುತ್ತಿತ್ತು, ದಿನಕ್ಕೆ ಸುಮಾರು 15 ಕೋಟಿ ಗ್ಯಾಲನ್. ಬೆಳ್ಳಂದೂರಿನ ನೊರೆ ಕಂಡ ನಮಗೆ ಇದೇನೂ ಹೊಸದಲ್ಲ ಬಿಡಿ.

ಹೆಂಡತಿ ಇನ್ನೂ ಗಾಜಿಗೆ ಕೆನ್ನೆ ಒತ್ತಿಕೊಂಡೇ ಇದ್ದಳು. "ರೀ, ಇಲ್ಲಿ ಬನ್ನಿ. ನೀರಿನಾಚೆ ಆ ಬಿಲ್ಡಿಂಗ್ ನಮ್ದೇ ಅಲ್ವಾ?"

ಹೌದು. ಒಂದು ಕಿಲೋಮೀಟರಿಗೂ ಜಾಸ್ತಿ ದೂರ. ಆದರೂ ಬಾಲ್ಕನಿ ಇರಬೇಕಾದ ಜಾಗದಲ್ಲಿ ಒಂದು ಬಿಳಿ ಚುಕ್ಕೆ ಆಡುತ್ತಿತ್ತು. ಬೆಳಗ್ಗೆ ಒಣಹಾಕಿದ ನನ್ನ ಪಂಚೆ.

"ಮುಂದೆ ಪಾರ್ಕ್ ಇದೆ, ಯಾರೂ ಏನೂ ಕಟ್ಟುವ ಹಾಗಿಲ್ಲ. ಈ ನೋಟ ಶಾಶ್ವತ" ಅಂದರು ಬ್ರೋಕರ್.

"ಸಂಜೆ ಹೋಗಿ ತೆಗೀತೀವಿ" ಅಂದಳು ಹೆಂಡತಿ, ಕನ್ನಡದಲ್ಲಿ.