ಒಂದೇ ದಿನ ಬಂದ ಎರಡು ಮೇಲ್

ಕೆಲವು ವರ್ಷಗಳ ಹಿಂದೆ ನಾನು ಒಂದು ಸಪ್ಲೈಯರ್ ಕಂಪನಿಯ ಆಫೀಸಿನಲ್ಲಿದ್ದೆ. ದೊಡ್ಡ ಬ್ರ್ಯಾಂಡ್‌ಗಳಿಗೆ ಬಟ್ಟೆ ಹೊಲಿದು ಕಳಿಸುವ ಕಂಪನಿ. ಒಂದು ದಿನ ಬೆಳಿಗ್ಗೆ ಹೊರದೇಶದ ಗಿರಾಕಿಯಿಂದ ಮೇಲ್ ಬಂತು. ಜೊತೆಗೆ ಇಪ್ಪತ್ತು ಚಿಲ್ಲರೆ ಪುಟಗಳ ನೀತಿ ಸಂಹಿತೆ. ನಿಮ್ಮಲ್ಲಿ ಬಲವಂತದ ಓವರ್‌ಟೈಮ್ ಇದೆಯಾ? ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೀರಾ? ಎಮರ್ಜೆನ್ಸಿ ಬಾಗಿಲಿಗೆ ಬೀಗ ಹಾಕುತ್ತೀರಾ? ಪ್ರತಿ ಪ್ರಶ್ನೆಯ ಮುಂದೆ ಎರಡು ಚೌಕ. ಟಿಕ್ ಹಾಕಿ, ಸಹಿ ಮಾಡಿ, ಸೀಲ್ ಒತ್ತಿ, ಸ್ಕ್ಯಾನ್ ಮಾಡಿ ಕಳಿಸಬೇಕು. ಮಧ್ಯಾಹ್ನ ಅದೇ ಕಂಪನಿಯಿಂದ ಇನ್ನೊಂದು ಮೇಲ್. ಈ ಸಲ ಪರ್ಚೇಸ್ ವಿಭಾಗದಿಂದ. ಮಾಲು ಎರಡು ವಾರ ಮುಂಚೆ ಬೇಕು, ಪೀಸ್ ಜಾಸ್ತಿ ಬೇಕು, ರೇಟ್ ಇನ್ನೂ ಸ್ವಲ್ಪ ಇಳಿಸಿ. ಆಗಲ್ಲ ಅಂದರೆ ಇವತ್ತೇ ಹೇಳಿಬಿಡಿ, ಬೇರೆಯವರು ಕಾಯುತ್ತಿದ್ದಾರೆ.

ಎರಡು ವಾರ ಮುಂಚೆ ಅಂದರೆ ರಾತ್ರಿ ಹತ್ತರವರೆಗೆ ಮಷಿನ್ ಓಡಬೇಕು. ನಮಗೂ ಗೊತ್ತು, ಮೇಲ್ ಕಳಿಸಿದವರಿಗೂ ಗೊತ್ತು. ನಾನು ಮೊದಲನೆಯದಕ್ಕೆ ‘ಇಲ್ಲ’ ಅಂತ ಟಿಕ್ ಹಾಕಿದೆ. ಎರಡನೆಯದಕ್ಕೆ ‘ಆಗುತ್ತೆ ಸರ್’ ಅಂತ ಬರೆದೆ. ಎರಡೂ ಒಂದೇ ಗಂಟೆಯೊಳಗೆ ಹೋದವು.

ಕಾರ್ಪೊರೇಟ್ ಸಾಮಾಜಿಕ ಜವಾಬ್ದಾರಿ, ಸಿಎಸ್‌ಆರ್ ಅಂತ ಯಾರು ಮಾತೆತ್ತಿದರೂ ನನಗೆ ನೆನಪಾಗುವುದು ಈ ಎರಡು ಮೇಲ್‌ಗಳೇ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ. ಎತ್ತು ಕಾಗದದ್ದು, ಕೋಣ ನಿಜವಾದದ್ದು. ಆರ್ಡರ್ ಕೊಡುವುದು, ಕಿತ್ತುಕೊಳ್ಳುವುದು ಎಲ್ಲ ಪರ್ಚೇಸ್ ವಿಭಾಗದ ಕೈಯಲ್ಲಿ.

ಮೊನ್ನೆ ಗೆಳೆಯರೊಬ್ಬರು ಒಂದು ಕಂಪನಿಯ ಸಿಎಸ್‌ಆರ್ ವರದಿ ಕಳಿಸಿ ‘ನೋಡಿ, ಎಷ್ಟು ಒಳ್ಳೆ ಕೆಲಸ ಮಾಡ್ತಿದ್ದಾರೆ’ ಅಂದರು. ನೋಡಿದೆ. ನಗುವ ಮಕ್ಕಳು, ಗಿಡ ನೆಡುವ ಮ್ಯಾನೇಜರ್‌ಗಳು, ಶಾಲೆಗೆ ಕೊಟ್ಟ ಕಂಪ್ಯೂಟರ್‌ಗಳು. ತಪ್ಪೇನಿಲ್ಲ. ಆ ಕಂಪ್ಯೂಟರ್ ಸಿಕ್ಕ ಮಗುವಿಗೆ ಅದು ನಿಜವಾದ ಕಂಪ್ಯೂಟರೇ. ಆದರೆ ಇಡೀ ವರದಿ ಹೇಳುವುದು ಬಂದ ಲಾಭದಲ್ಲಿ ಎಷ್ಟು ಕೊಟ್ಟೆವು ಅಂತ. ಆ ಲಾಭ ಹೇಗೆ ಬಂತು ಅನ್ನುವುದಕ್ಕೆ ಅಲ್ಲಿ ಪುಟವೇ ಇಲ್ಲ. ಭಾರತದ 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ 2% ಇಂಥ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನುತ್ತದೆ. ಕಂಪನಿ ತನ್ನ ಮಾಮೂಲು ವ್ಯವಹಾರದ ಭಾಗವಾಗಿ ಮಾಡುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಹಣ ಹಾಗೇ ವ್ಯವಹಾರದೊಳಗೆ ವಾಪಸ್ ಹೋಗಬಾರದು ಅಂತ ಮಾಡಿದ ನಿಯಮ, ಅದು ಸರಿಯೇ. ಆದರೆ ಇದರಿಂದ ಜನರ ತಲೆಯಲ್ಲಿ ಕೂತಿದ್ದೇನು? ಆ 2% ಅಷ್ಟೇ ಜವಾಬ್ದಾರಿ, ಉಳಿದ 98% ಬರೀ ಬಿಸಿನೆಸ್. ಹಸು ಕೊಂದು ಚಪ್ಪಲಿ ದಾನ ಮಾಡಿದರೂ ಈ ಲೆಕ್ಕದಲ್ಲಿ ದಾನವೇ.

2013ರ ಏಪ್ರಿಲ್ 23. ಬಾಂಗ್ಲಾದೇಶದ ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಅನ್ನುವ ಎಂಟು ಅಂತಸ್ತಿನ ಕಟ್ಟಡದಲ್ಲಿ ಬಿರುಕು ಕಾಣಿಸಿತು. ಎಲ್ಲರನ್ನೂ ಹೊರಗೆ ಕಳಿಸಿದರು. ಮರುದಿನ ಕೆಳಗಿದ್ದ ಬ್ಯಾಂಕಿನವರು ತಮ್ಮ ಸಿಬ್ಬಂದಿಗೆ ಬರಬೇಡಿ ಅಂದರು. ಅಂಗಡಿಗಳೂ ಬಾಗಿಲು ತೆರೆಯಲಿಲ್ಲ. ಮೇಲಿದ್ದ ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಕೆಲಸಕ್ಕೆ ಕರೆದರು. ಬರದಿದ್ದರೆ ಸಂಬಳ ಹಿಡಿಯುತ್ತೇವೆ ಅಂತ ಹೆದರಿಸಿದರು. ಬೆಳಿಗ್ಗೆ ಒಂಬತ್ತರ ಒಳಗೆ, ಕರೆಂಟ್ ಹೋಗಿ ಜನರೇಟರ್ ಶುರುವಾದ ಸ್ವಲ್ಪ ಹೊತ್ತಿಗೆ, ಕಟ್ಟಡ ಕುಸಿಯಿತು. ಸತ್ತವರು 1,134 ಜನ.

ಒಂದೇ ಕಟ್ಟಡ, ಒಂದೇ ಬಿರುಕು. ಬ್ಯಾಂಕಿಗೆ ಒಂದು ದಿನ ಮುಚ್ಚಿದರೆ ಏನೂ ಆಗುವುದಿಲ್ಲ. ಹೊಲಿಯುವವರಿಗೆ ಒಂದು ದಿನ ತಪ್ಪಿದರೆ ಮಾಲು ಹಡಗಿನಲ್ಲಿ ಹೋಗದೆ ವಿಮಾನದಲ್ಲಿ ಹೋಗಬೇಕು, ಆ ಖರ್ಚು ಫ್ಯಾಕ್ಟರಿಯವರ ತಲೆಗೇ. ಇದನ್ನು ನಾನು ನನ್ನ ಆಫೀಸಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒಂದು ಸಲ ವಿಮಾನದಲ್ಲಿ ಕಳಿಸಿದರೆ ಆ ಆರ್ಡರ್‌ನ ಲಾಭವೆಲ್ಲ ಅಲ್ಲಿಗೇ ಖಾಲಿ. ಕಾರ್ಮಿಕರನ್ನು ಒಳಗೆ ನೂಕಿದವರ ತಪ್ಪು ಇದರಿಂದ ಕಮ್ಮಿ ಆಗುವುದಿಲ್ಲ. ಆದರೆ ಅವರನ್ನು ಹಿಂದಿನಿಂದ ಯಾರು ನೂಕುತ್ತಿದ್ದರು ಅಂತಲೂ ಕೇಳಬೇಕಲ್ವಾ? ಆಮೇಲೆ ಯಾವ ಯಾವ ಬ್ರ್ಯಾಂಡ್ ಅಲ್ಲಿ ಬಟ್ಟೆ ಹೊಲಿಸುತ್ತಿತ್ತು ಅಂತ ಪತ್ತೆ ಮಾಡಲು ಜನ ಅವಶೇಷದ ರಾಶಿಯಲ್ಲಿ ಕಾಲರ್‌ನ ಲೇಬಲ್ ಹುಡುಕಬೇಕಾಯಿತು.

ಆಡಿಟ್ ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಆ ಕಟ್ಟಡದ ಕೆಲವು ಫ್ಯಾಕ್ಟರಿಗಳಿಗೆ ಸಾಮಾಜಿಕ ಆಡಿಟ್, ಅಂದರೆ ಕಾರ್ಮಿಕರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ನೋಡುವ ತಪಾಸಣೆ, ಆಗಿತ್ತು. ಕಂಬ ಗಟ್ಟಿ ಇದೆಯಾ ಅಂತ ನೋಡುವುದು ಆ ಆಡಿಟ್‌ನ ಕೆಲಸವಾಗಿರಲಿಲ್ಲ. ಅದಕ್ಕೂ ಹಿಂದಿನ ವರ್ಷ, 2012ರ ಸೆಪ್ಟೆಂಬರ್‌ನಲ್ಲಿ, ಕರಾಚಿಯ ಅಲಿ ಎಂಟರ್‌ಪ್ರೈಸಸ್ ಫ್ಯಾಕ್ಟರಿಗೆ ಬೆಂಕಿ ಬಿದ್ದು 250ಕ್ಕೂ ಜಾಸ್ತಿ ಜನ ಸತ್ತರು. ಬೆಂಕಿ ಹತ್ತಿದ್ದು ಹೇಗೆ ಅನ್ನುವುದು ಬೇರೆ ಮಾತು, ಅದು ಕೋರ್ಟಿನವರೆಗೆ ಹೋಯಿತು. ಒಳಗಿದ್ದವರಿಗೆ ಓಡಿ ಬರಲು ದಾರಿ ಇರಲಿಲ್ಲ. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. ಕೆಲವೇ ವಾರಗಳ ಹಿಂದೆ ಅದೇ ಫ್ಯಾಕ್ಟರಿಗೆ ಎಸ್‌ಎ 8000 ಅನ್ನುವ, ಕಾರ್ಮಿಕರ ಹಕ್ಕು ಮತ್ತು ಸುರಕ್ಷತೆ ಸರಿಯಿದೆ ಅಂತ ಹೇಳುವ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು.

ನನಗೆ ಆಶ್ಚರ್ಯ ಆಗಲಿಲ್ಲ. ಆಡಿಟ್ ದಿನ ಹೇಗಿರುತ್ತೆ ಅಂತ ಗೊತ್ತು. ತಾರೀಖು ಮೊದಲೇ ಗೊತ್ತಿರುತ್ತದೆ. ಹಿಂದಿನ ಸಂಜೆ ಮೆಟ್ಟಿಲ ಮೇಲೆ ಪೇರಿಸಿದ್ದ ರಟ್ಟಿನ ಡಬ್ಬಗಳೆಲ್ಲ ಗೋಡೌನಿಗೆ ಹೋಗುತ್ತವೆ. ಬೆಂಕಿ ನಂದಿಸುವ ಕೆಂಪು ಸಿಲಿಂಡರಿನ ಧೂಳು ಒರೆಸುತ್ತಾರೆ. ಎರಡು ಹಾಜರಿ ಪುಸ್ತಕದಲ್ಲಿ ಒಂದು ಬೀರುವಿನೊಳಗೆ ಸೇರುತ್ತದೆ. ಬಂದವರು ಕೆಟ್ಟವರಲ್ಲ, ಆದರೆ ಅವರಿಗಿರುವುದು ಒಂದು ದಿನ, ಒಂದು ಚೆಕ್‌ಲಿಸ್ಟ್. ಅವರ ಫೀಸನ್ನು ಎಷ್ಟೋ ಸಲ ಫ್ಯಾಕ್ಟರಿಯೇ ಕಟ್ಟುತ್ತದೆ. ಮರುದಿನ ಡಬ್ಬಗಳು ಮೆಟ್ಟಿಲಿಗೆ ವಾಪಸ್.

ಇದು ಬಟ್ಟೆ ಉದ್ಯಮವೊಂದರದ್ದೇ ರೋಗ ಅಂದುಕೊಳ್ಳಬೇಡಿ. 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್‌ಗೆ ಪರಿಸರ, ಸಮಾಜದ ಹೊಣೆ ಅಳೆದು ಕಂಪನಿಗಳನ್ನು ಆರಿಸುವ ಡೌ ಜೋನ್ಸ್ ಸಸ್ಟೇನಬಿಲಿಟಿ ಪಟ್ಟಿಯಲ್ಲಿ ಕಾರು ಕಂಪನಿಗಳ ಪೈಕಿ ಮೊದಲ ಸ್ಥಾನ ಸಿಕ್ಕಿತು. ಅದೇ ತಿಂಗಳು ಅವರ ಡೀಸೆಲ್ ಕಾರುಗಳಲ್ಲಿ ಹೊಗೆ ಪರೀಕ್ಷೆಗೆ ಮಂಕುಬೂದಿ ಎರಚುವ ಸಾಫ್ಟ್‌ವೇರ್ ಇದೆ ಅಂತ ಅಮೆರಿಕದ ಪರಿಸರ ಸಂಸ್ಥೆ ಬಯಲು ಮಾಡಿತು. ಪ್ರಪಂಚದಾದ್ಯಂತ ಇಂಥ ಕಾರುಗಳು ಸುಮಾರು 1.1 ಕೋಟಿ.

ವ್ಯಾಪಾರಕ್ಕೆ ಲಾಭವೇ ಧರ್ಮ, ಉಳಿದದ್ದು ಸರ್ಕಾರದ ಕೆಲಸ ಅನ್ನುವವರು ಇದ್ದಾರೆ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲೇ ಇದನ್ನು ಬರೆದರು. ಅವರ ಹೆಸರು ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ. ಆಟದ ನಿಯಮದೊಳಗೆ, ಮೋಸ ಮಾಡದೆ ಲಾಭ ಮಾಡಬೇಕು ಅಂತ ಅವರೇ ಷರತ್ತು ಹಾಕಿದ್ದರು. ಸಮಸ್ಯೆ ಇರುವುದೇ ಆ ನಿಯಮದಲ್ಲಿ. ಇವತ್ತು ಕಂಪನಿಯ ಹೆಡ್ ಆಫೀಸ್ ಒಂದು ದೇಶದಲ್ಲಿ, ಫ್ಯಾಕ್ಟರಿ ಇನ್ನೊಂದರಲ್ಲಿ, ತೆರಿಗೆ ಮೂರನೆಯದರಲ್ಲಿ. ಯಾವ ದೇಶದ ನಿಯಮ ಸಡಿಲವೋ ಅಲ್ಲಿಗೆ ಆಟವನ್ನೇ ಎತ್ತಿಕೊಂಡು ಹೋಗಬಹುದು. ಮೈದಾನ ಆರಿಸಿಕೊಳ್ಳುವವನಿಗೆ ನಿಯಮ ಪಾಲಿಸುವುದು ಏನು ಕಷ್ಟ?

ಹಾಗಾದರೆ ಏನೂ ಬದಲಾಗಿಲ್ಲವಾ? ಆಗಿದೆ, ಅದಕ್ಕೇ ಇದನ್ನು ಬರೆಯುತ್ತಿರುವುದು. ರಾಣಾ ಪ್ಲಾಜಾ ಕುಸಿದ ಮರುತಿಂಗಳು ಕಾರ್ಮಿಕ ಸಂಘಟನೆಗಳು ಮತ್ತು ಬ್ರ್ಯಾಂಡ್‌ಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು, ಬಾಂಗ್ಲಾದೇಶ ಅಕಾರ್ಡ್ ಅಂತ. 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸಹಿ ಹಾಕಿದವು. ಇದು ನನ್ನ ಟಿಕ್ ಹಾಕುವ ಫಾರ್ಮ್‌ನಂಥದ್ದಲ್ಲ. ಕಾನೂನಿನಲ್ಲಿ ನಿಲ್ಲುವ ಕರಾರು. ಎಂಜಿನಿಯರ್‌ಗಳು ಬಂದು ಕಂಬ, ವೈರಿಂಗ್, ಬಾಗಿಲು ನೋಡಿದರು. ಆ ವರದಿಗಳನ್ನು ಎಲ್ಲರೂ ನೋಡುವ ಹಾಗೆ ಹಾಕಿದರು. ರಿಪೇರಿಗೆ ದುಡ್ಡು ಹೊಂದಿಕೆಯಾಗುವಂತೆ ನೋಡಿಕೊಳ್ಳುವುದು ಬ್ರ್ಯಾಂಡಿನ ಹೊಣೆಯಾಗಿತ್ತು. ಮಾತು ತಪ್ಪಿದ ಬ್ರ್ಯಾಂಡನ್ನು ಕಾರ್ಮಿಕ ಸಂಘಟನೆಗಳು ಮಧ್ಯಸ್ಥಗಾರರ ಪಂಚಾಯ್ತಿಗೆ ಎಳೆಯಬಹುದಿತ್ತು, ಎಳೆದವು ಕೂಡ. ಅಲ್ಲಿ ಸಂಬಳ ಈಗಲೂ ಕಮ್ಮಿಯೇ, ಆ ವಿಷಯ ಒಪ್ಪಂದದಲ್ಲಿ ಇರಲಿಲ್ಲ. ಏನು ಕರಾರಿನಲ್ಲಿ ಬಂತೋ ಅದು ಆಯಿತು. ಬರದೇ ಇದ್ದದ್ದು ಆಗಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಇದೇ ಕಥೆ ಉಲ್ಟಾ ನಡೆಯಿತು. ಹೊಲಿದು ಮುಗಿಸಿದ ಬಟ್ಟೆಯ ಆರ್ಡರನ್ನೂ ಎಷ್ಟೋ ಬ್ರ್ಯಾಂಡ್‌ಗಳು ರದ್ದು ಮಾಡಿದವು. ಕರಾರಿನ ಯಾವುದೋ ಮೂಲೆಯ ಸಾಲು ತೋರಿಸಿ, ಇದು ದೈವದ ಆಟ, ದುಡ್ಡು ಕೊಡಲ್ಲ ಅಂದವು. ಬಾಂಗ್ಲಾದೇಶದಲ್ಲೇ ಸುಮಾರು 300 ಕೋಟಿ ಡಾಲರ್ ಮೌಲ್ಯದ ಆರ್ಡರ್‌ಗಳು ರದ್ದಾದವು ಅಥವಾ ತಡೆಹಿಡಿಯಲ್ಪಟ್ಟವು. ಬಟ್ಟೆಯ ದುಡ್ಡು, ನೂಲಿನ ದುಡ್ಡು, ಕಾರ್ಮಿಕರ ಸಂಬಳ ಎಲ್ಲ ಫ್ಯಾಕ್ಟರಿಯವರು ಮೊದಲೇ ಹಾಕಿರುತ್ತಾರೆ. ಬ್ರ್ಯಾಂಡ್ ಕೊಡುವುದು ಮಾಲು ಸೇರಿ ಎರಡು ಮೂರು ತಿಂಗಳಾದ ಮೇಲೆ. ಅಂದರೆ ಬಡ ದೇಶದ ಫ್ಯಾಕ್ಟರಿ ಶ್ರೀಮಂತ ದೇಶದ ಕಂಪನಿಗೆ ಬಡ್ಡಿ ಇಲ್ಲದ ಸಾಲ ಕೊಟ್ಟ ಹಾಗೆ. ಜನ ಜೋರಾಗಿ ಕೂಗಿದ ಮೇಲೆ ಕೆಲವು ಬ್ರ್ಯಾಂಡ್‌ಗಳು ದುಡ್ಡು ಕೊಟ್ಟವು.

ಕಾನೂನುಗಳೂ ನಿಧಾನಕ್ಕೆ ಬರುತ್ತಿವೆ. ಸಪ್ಲೈಯರ್‌ಗಳ ಕಡೆ ನಡೆಯುವುದಕ್ಕೂ ಕಣ್ಣಿಡಬೇಕು ಅಂತ 2017ರಲ್ಲಿ ಫ್ರಾನ್ಸ್ ದೊಡ್ಡ ಕಂಪನಿಗಳಿಗೆ ಹೇಳಿತು. ಜರ್ಮನಿಯ ಕಾನೂನು 2023ರಲ್ಲಿ ಜಾರಿಗೆ ಬಂತು. ಯುರೋಪಿಯನ್ ಯೂನಿಯನ್ 2024ರಲ್ಲಿ ತಂದ ನಿಯಮವನ್ನು 2025ರಲ್ಲೇ ಮುಂದೂಡಿತು. ಭಾರ ಜಾಸ್ತಿ ಆಯಿತು ಅಂತ ಕಂಪನಿಗಳ ಗೊಣಗಾಟ. ನನಗಿರುವ ಭಯ ಬೇರೆ. ಈ ಕಾನೂನಿನಿಂದ ಸಪ್ಲೈಯರ್‌ಗೆ ಹೋಗುವ ಫಾರ್ಮ್ ಇಪ್ಪತ್ತು ಪುಟದಿಂದ ಅರವತ್ತು ಪುಟ ಆಗಿ, ಮಧ್ಯಾಹ್ನದ ಮೇಲ್ ಮಾತ್ರ ಹಾಗೇ ಉಳಿದರೆ?

ಅದಕ್ಕೇ ಈಗ ಯಾವುದೇ ಸಿಎಸ್‌ಆರ್ ವರದಿ ಕೈಗೆ ಬಂದರೆ ನಾನು ಫೋಟೋ ನೋಡುವುದಿಲ್ಲ. ಹುಡುಕುವುದು ಮೂರೇ ವಿಷಯ. ಸಪ್ಲೈಯರ್‌ಗೆ ಎಷ್ಟು ದಿನದಲ್ಲಿ ದುಡ್ಡು ಕೊಡುತ್ತಾರೆ, ಆರ್ಡರ್ ಕೊಟ್ಟ ಮೇಲೆ ಎಷ್ಟು ಸಲ ತಾರೀಖು ಬದಲಿಸಿದರು, ಕಳೆದ ಐದು ವರ್ಷದಲ್ಲಿ ಒಂದು ಪೀಸಿಗೆ ಕೊಡುವ ರೇಟ್ ಏರಿತಾ ಇಳಿಯಿತಾ. ಗೆಳೆಯರು ಕಳಿಸಿದ ವರದಿಯಲ್ಲಿ ಮೂರೂ ಇರಲಿಲ್ಲ. ಇರುವಂಥದ್ದು ನಿಮಗೆ ಯಾರಿಗಾದರೂ ಸಿಕ್ಕಿದ್ದರೆ ಕಳಿಸಿ. ಹಳೇ ಆಫೀಸಿನ ಪರ್ಚೇಸ್ ಮೇಲ್‌ಗಳ ಪಕ್ಕ ಇಟ್ಟುಕೊಂಡು ಓದುತ್ತೇನೆ.