ನಮ್ಮ ದೊಡ್ಡವ್ವನ ಜಿಲ್ಲೆ ಯಾವುದು?

ಆನ್‌ಲೈನ್ ಫಾರಂನಲ್ಲಿ 'ಹುಟ್ಟಿದ ಜಿಲ್ಲೆ' ಅನ್ನೋ ಕಾಲಂ ಕಂಡ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ. ದಾವಣಗೆರೆಯಲ್ಲೇ ಹುಟ್ಟಿ, ಪಿ.ಜೆ. ಬಡಾವಣೆಯಲ್ಲೇ ಆಡಿ ಬೆಳೆದು, ಈಗ್ಲೂ ಇಲ್ಲೇ ಇರೋ ನನ್ನ ಜನನ ಪತ್ರದಲ್ಲಿ ಜಿಲ್ಲೆ ಚಿತ್ರದುರ್ಗ. ಇರ್ಬೇಕಲ್ಲ ಮತ್ತೆ, ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಅದಕ್ಕಿಂತ ನಾನೇ ದೊಡ್ಡೋನು. ಕಂಪ್ಯೂಟರ್ ಸೆಂಟರ್ ಹುಡುಗ "ಸಾರ್, ಆಧಾರ್‌ನಾಗೆ ದಾವಣಗೆರೆ ಐತೆ, ಇದ್ರಾಗೆ ಚಿತ್ರದುರ್ಗ ಐತೆ, ಮಿಸ್‌ಮ್ಯಾಚ್" ಅಂದ. ಅವನು ಹುಟ್ಟೋಕೂ ಮುಂಚೆ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲ್ರು ಮಾಡಿದ ಕೆಲ್ಸಕ್ಕೆ ಈಗ ನಾನು ಅಫಿಡವಿಟ್ ಮಾಡಿಸ್ಬೇಕಂತೆ.

ನಂದೇನು ಮಹಾ, ನಮ್ಮ ಹರಪನಹಳ್ಳಿ ದೊಡ್ಡವ್ವಂದು ಕೇಳ್ರಿ. ಸೋದರಮಾವನ್ನೇ ಮದುವೆಯಾಗಿ ಎದುರು ಮನೆಗೆ ಹೋದೋಳು, ಓಣಿ ಸುದ್ದಾ ಬದಲಾಯಿಸಿಲ್ಲ. ಹುಟ್ಟಿದಾಗ ಬಳ್ಳಾರಿ ಜಿಲ್ಲೆ, ಅದು ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್‌ನಲ್ಲಿ ಮೈಸೂರು ರಾಜ್ಯದೋಳಾದ್ಲು, 1973ರಲ್ಲಿ ಮೈಸೂರು ಹೆಸ್ರು ಹೋಗಿ ಕರ್ನಾಟಕ ಆಯ್ತು, 1997ರಲ್ಲಿ ದಾವಣಗೆರೆ ಜಿಲ್ಲೆ ಅಂದ್ರು, ಆಮೇಲೆ ಹೈದರಾಬಾದ್ ಕರ್ನಾಟಕದೋರಿಗೆ ವಿಶೇಷ ಸೌಲಭ್ಯ ಕೊಡೋ ಸಂವಿಧಾನದ 371ಜೆ ವಿಧಿ ನಮಗೂ ಬೇಕು ಅಂತ ಹೋರಾಟ ಆಗಿ 2018ರಲ್ಲಿ ತಿರುಗಾ ಬಳ್ಳಾರಿ, ಅಲ್ಲಾದ್ರೂ ನೆಮ್ಮದಿಯಾಗಿ ಇದ್ಲಾ ಅಂದ್ರೆ 2021ರಲ್ಲಿ ವಿಜಯನಗರ! ಅವಳ ಟ್ರಂಕ್ ತೆಗೆದ್ರೆ ರೇಷನ್ ಕಾರ್ಡಿಗೊಂದು ಜಿಲ್ಲೆ, ವೋಟರ್ ಕಾರ್ಡಿಗೊಂದು ಜಿಲ್ಲೆ. ಪಿಂಚಣಿ ಕಾಗದ ನೋಡಿದೋರೆಲ್ಲ "ಅಜ್ಜಿ ನಿಮ್ದು ಯಾವ ಜಿಲ್ಲೆ" ಅಂತಾರೆ, ಇವಳು "ನೀವು ಹೇಳಿದ್ದೇ ಬರ್ಕೊಳ್ರಪ್ಪ" ಅಂತಾಳೆ. ನನ್ ಹತ್ರ ಮಾತ್ರ ಬೈತಾಳೆ, "ನಾ ಕುಂತಲ್ಲೇ ಕುಂತೀನಿ, ಊರನ್ನ ಎತ್ತೆತ್ತಿ ಇಡ್ತಾರಲ್ಲೋ, ಇವರಿಗೇನು ಬ್ಯಾರೆ ದಗದ ಇಲ್ಲೇನು?"

ಕಾನೂನೇನೋ ನೆಟ್ಟಗೇ ಐತೆ. 1969ರ ಕಾಯ್ದೆ ಪ್ರಕಾರ ಹುಟ್ಟು-ಸಾವು ಎಲ್ಲಾಗುತ್ತೋ ಅಲ್ಲೇ ನೋಂದಣಿ, 21 ದಿನದೊಳಗೆ ಪುಕ್ಕಟೆ. ಜಗಳೂರಿನ ಬಸುರಿ ಇಲ್ಲಿ ಆಸ್ಪತ್ರೆಗೆ ಬಂದು ಹೆತ್ರೆ ಕೂಸು ದಾವಣಗೆರೆ ಪುಸ್ತಕದಲ್ಲೇ. ಆದ್ರೆ ಊರು ಸುಮ್ನೆ ನಿಂತಿರಬೇಕಲ್ಲ! ನಿಟ್ಟುವಳ್ಳಿ, ಆವರಗೆರೆ ಎಲ್ಲಾ ಒಂದು ಕಾಲಕ್ಕೆ ಹಳ್ಳಿಗಳೇ, ಈಗ ಸಿಟಿಯೊಳಗೆ. ನಗರಸಭೆ 2007ರಲ್ಲಿ ಮಹಾನಗರ ಪಾಲಿಕೆ ಆಯ್ತು, ಬೋರ್ಡ್ ಬದಲಾಯ್ತು, ಸೀಲು ಬದಲಾಯ್ತು. ಹಳೇ ರಿಜಿಸ್ಟರ್ ಎಲ್ಲೈತೆ ಅಂತ ಕೇಳಿದ್ರೆ ಮಾತ್ರ ಒಬ್ರು ಇನ್ನೊಬ್ರ ಕಡೆ ಕೈ ತೋರಿಸ್ತಾರೆ.

ನಮ್ಮ ಪಕ್ಕದ ಮನೆಯೋನು ತಾತನ ಮರಣ ಪತ್ರಕ್ಕೆ ಓಡಾಡ್ತಾ ಇದಾನೆ. ವರ್ಷ ದಾಟಿದ ಕೇಸು, ಮ್ಯಾಜಿಸ್ಟ್ರೇಟ್ ಆರ್ಡರ್ ಬೇಕು, ಅದಿರ್ಲಿ. "ತಾತ ಹೋಗಿದ್ದು ಹೊಲದಾಗೆ ಸಾರ್, ಈಗ ಅಲ್ಲಿ ಲೇಔಟ್ ಆಗೈತೆ, ಇವ್ರು ಡೋರ್ ನಂಬರ್ ಕೇಳ್ತಾರೆ" ಅಂದ.