ರಾಣಿ ಬೇಡ, ಆನೆಯೇ ಬೇಕು
ಈ ಪೋಸ್ಟ್‌ನಲ್ಲಿ ಚೆಸ್‌ನ ‘ಸಾವೆದ್ರಾ ಸಮಸ್ಯೆ’ಯನ್ನು ಕೊಟ್ಟಿದ್ದು ತುಂಬಾ ಖುಷಿಯಾಯಿತು. (ಮನೆಯ ಹೆಸರಿನಲ್ಲಿ ಅಕ್ಷರ ಎಂದರೆ ಉದ್ದ ಸಾಲು, ಅಂಕಿ ಎಂದರೆ ಅಡ್ಡ ಸಾಲು.) ಬಿಳಿಯ ರಾಜ ಬಿ6, ಕಾಲಾಳು ಸಿ6. ಕಪ್ಪು ರಾಜ ಎ1, ಆನೆ ಡಿ5. ಬಿಳಿಯ ಸರದಿ, ಬಿಳಿಯೇ ಗೆಲ್ಲಬೇಕು. ಇಲ್ಲಿ ಸುಮಾರು ಜನ ‘ಕಾಲಾಳು ಕೊನೆಯ ಮನೆ ಸಿ8ಕ್ಕೆ ಹೋಗಿ ಅದನ್ನು ರಾಣಿ ಮಾಡಿಕೊಂಡರೆ ಮುಗಿಯಿತು’ ಎಂದಿದ್ದಾರೆ. ದಯವಿಟ್ಟು ಇನ್ನೊಮ್ಮೆ ನೋಡಿ.

ಕಾಲಾಳು ಸಿ7ಕ್ಕೆ ಬಂದ ಮೇಲೆ ಆನೆ ಚೆಕ್ ಕೊಡುತ್ತಲೇ ಇರುತ್ತದೆ. ಬಿಳಿ ರಾಜ ಬಿ5, ಬಿ4, ಬಿ3 ಅಂತ ಇಳಿದು ಸಿ2ಕ್ಕೆ ಬರಬೇಕು. ನಡುವೆ ಸಿ5 ಅಥವಾ ಸಿ4ಕ್ಕೆ ಹೋದರೆ ಕಪ್ಪು ಆನೆ ಡಿ1ಕ್ಕೆ ಇಳಿದು ಮುಂದೆ ಸಿ1ರಿಂದ ಚೆಕ್ ಕೊಡುತ್ತದೆ, ಗೆಲುವು ಕೈತಪ್ಪುತ್ತದೆ. ಈಗ ಕಪ್ಪು ಆನೆ ಡಿ4ಕ್ಕೆ ಬರುತ್ತದೆ. ಇದೇ ಬಲೆ! ರಾಣಿ ಮಾಡಿದರೆ ಆನೆ ಸಿ4ರಲ್ಲಿ ಚೆಕ್ ಕೊಡುತ್ತದೆ. ಅದನ್ನು ಹೊಡೆದರೆ ಕಪ್ಪು ರಾಜನಿಗೆ ಚೆಕ್ ಇಲ್ಲ, ಆದರೆ ಹೋಗಲು ಮನೆಯೇ ಇಲ್ಲ: ಸ್ಟೇಲ್‌ಮೇಟ್, ಅಂದರೆ ಡ್ರಾ.

ಅದಕ್ಕೇ ಸಿ8ರಲ್ಲಿ ಆನೆ ಮಾಡಬೇಕು. ಆಗ ಆ ಆನೆ ಎ8ಕ್ಕೆ ಹೋಗಿ ಮೇಟ್ ಮಾಡುವ ಬೆದರಿಕೆ. ಕಪ್ಪು ಆನೆ ಎ4ಕ್ಕೆ ಓಡಲೇಬೇಕು. ಆಗ ಬಿಳಿ ರಾಜ ಬಿ3! ಆನೆಗೂ ಏಟು, ಸಿ1ರಲ್ಲಿ ಮೇಟ್ ಕೂಡ. ಎರಡನ್ನೂ ತಡೆಯಲು ಆಗಲ್ಲ ಅಲ್ವಾ?

1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರಲ್ಲಿ ಇದರ ಮೊದಲ ರೂಪ ಡ್ರಾ ಎಂದೇ ಬಂದಿತ್ತು. ಆನೆಯ ನಡೆ ಕಂಡಿದ್ದು ಫೆರ್ನಾಂಡೊ ಸಾವೆದ್ರಾ ಎಂಬ ಸ್ಪೇನ್‌ನ ಪಾದ್ರಿಗೆ. ಕಂಪ್ಯೂಟರ್ ಹಚ್ಚದೆ, ಬೋರ್ಡ್ ಮೇಲೆ ಕಾಯಿ ಇಟ್ಟು ಆಡಿ ನೋಡಿ.